ಕಾಗದದ ಮೇಲೆ ಎಂಬತ್ನಾಲ್ಕು

ಕೆಳಗೆ ಅಚ್ಚಿನ ಕಾರ್ಖಾನೆ, ಮೇಲೆ ಸಂಸಾರ. ನಡುವೆ ಕಬ್ಬಿಣದ ಮೆಟ್ಟಿಲು. ಕೆಳಗಿದ್ದವರನ್ನು ಕರೆಯಬೇಕಾದರೆ ಅತ್ತೆ ಮೆಟ್ಟಿಲ ಕಂಬಿಗೆ ಸೌಟಿನಿಂದ ಬಡಿಯುತ್ತಿದ್ದರು. ಎರಡು ಏಟು ಬಿದ್ದರೆ ಎಲ್ಲರಿಗೂ ಊಟ. ಒಂದೇ ಏಟಾದರೆ ಅದು ಸೊಸೆಗೆ ಮಾತ್ರ, ಮೇಲೆ ಕೆಲಸವಿದೆ ಬಾ ಎಂದು. ಒಂಟಿ ಏಟು ದಿನಕ್ಕೆಷ್ಟು ಬೀಳುತ್ತಿತ್ತೆಂದು ಕೇಳಬೇಡಿ, ಕಂಬಿಯ ಬಣ್ಣವೇ ಎದ್ದು ಹೋಗಿತ್ತು.

ಪ್ಲಾಸ್ಟಿಕ್ ಡಬ್ಬಿ, ಮುಚ್ಚಳ, ಹಿಡಿಕೆಗಳಿಗೆ ಬೇಕಾದ ಉಕ್ಕಿನ ಅಚ್ಚುಗಳನ್ನು ಮಾಡುವುದು ಆ ಮನೆಯ ಕಸುಬು. ಲೇತ್ ಮಾವನವರದು, ಕೊನೆಯ ಮಾತೂ ಮಾವನವರದೇ. ಮಗ ಹೊರಗೆ ತಿರುಗಿ ಕೆಲಸ ಕೊಡುವ ಪಾರ್ಟಿಗಳನ್ನು ಹಿಡಿದು ತರುತ್ತಿದ್ದ. ಅಚ್ಚು ಕೊರೆಯುವ ಮುಂಚೆ ವಸ್ತುವನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕಲ್ಲ, ಆ ಕೆಲಸ ಸೊಸೆಯದು. ಮದುವೆಯ ಮಾತುಕತೆಯ ದಿನ 'ಹುಡುಗಿಗೆ ಕ್ಯಾಡ್ ಬರುತ್ತಂತೆ' ಎಂದು ಮೂವರೂ ಬಾಯ್ತುಂಬ ಹೊಗಳಿದ್ದರು. ಬಂದ ಮೇಲೆ ಅವಳಿಗೆ ಲೇತಿನ ಪಕ್ಕ ಒಂದು ಕುರ್ಚಿ ಕೊಟ್ಟರು. ಆ ಕುರ್ಚಿಯ ಮೇಲೆ ಒಂದು ಗಂಟೆ ಬಿಡದೆ ಕೂರಲು ಮಾತ್ರ ಯಾರೂ ಬಿಡಲಿಲ್ಲ. ಕಂಪ್ಯೂಟರಿನ ಕೆಲಸವೆಂದರೆ ಕೂತು ಆಡುವುದು ಎಂದೇ ಮೇಲಿನವರ ಲೆಕ್ಕ.

ಹಾಗಿದ್ದರೂ ಆ ಕುರ್ಚಿಯೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಆ ಕೆಲಸದಲ್ಲಿ ನಿಜವಾಗಿ ಆಸೆಯಿದ್ದದ್ದು ನಾದಿನಿಗೆ. ಕಾಲೇಜಿಗೆ ಹೋಗುವ ಹುಡುಗಿ, ಎಲ್ಲದಕ್ಕೂ ವಾದ. ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. ಒಂದು ಮಧ್ಯಾಹ್ನ ಅವಳು ಅತ್ತಿಗೆಯ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, ಇದೇನು ಮಹಾ, ಮೌಸಿನಲ್ಲಿ ಚಿತ್ರ ಬರೆಯುವುದು ತಾನೆ ಎಂದು ಕೆಣಕಿದಳು.

"ಚಿತ್ರ ಅಲ್ಲ. ಒಂದು ವೃತ್ತ ಬರಿ ನೋಡೋಣ" ಎಂದಳು ಸೊಸೆ.

ವಕೀಲಮ್ಮ ಬರೆದಳು. ಮೌಸ್ ಹಿಡಿದು ಎಳೆದರೆ ವೃತ್ತ ಹಿಗ್ಗಿತು, ನೂಕಿದರೆ ಕುಗ್ಗಿತು, ಅತ್ತಿತ್ತ ಜಾರಾಡಿತು. ಸೊಸೆ ಅದರ ನಡುಬಿಂದುವನ್ನು ಒಂದು ಕಡೆ ಕಟ್ಟಿಹಾಕಿ, ಅಡ್ಡಳತೆ ಎಂಬತ್ತು ಮಿಲಿಮೀಟರ್ ಎಂದು ಕೊಟ್ಟಳು. ನೀಲಿಯಿದ್ದ ಗೆರೆ ಕಪ್ಪಾಯಿತು. ಈಗ ಎಳೆದರೆ ಕದಲಲೇ ಇಲ್ಲ. ಆಮೇಲೆ ಆ ವೃತ್ತವನ್ನು ಮೇಲಕ್ಕೆತ್ತಿದಳು, ಅದೊಂದು ಗಟ್ಟಿ ಕಂಬವಾಯಿತು. ಒಳಗೆ ಟೊಳ್ಳು ಮಾಡಿದಳು, ಡಬ್ಬಿಯಾಯಿತು. ಮುಚ್ಚಳಕ್ಕೆ ಬಂದಾಗ ಅಂಕಿಯನ್ನೇ ಕೊಡಲಿಲ್ಲ. ಡಬ್ಬಿಯ ಬಾಯಿ ಎಷ್ಟಿದೆಯೋ ಅದಕ್ಕಿಂತ ಕೂದಲೆಳೆಯಷ್ಟು ದೊಡ್ಡದಿರಲಿ ಎಂದು ಸಂಬಂಧ ಹಾಕಿದಳು. ಕೊನೆಗೆ ಮೊದಲಿನ ಎಂಬತ್ತನ್ನು ಅಳಿಸಿ ನೂರಿಪ್ಪತ್ತು ಮಾಡಿದಳು. ಡಬ್ಬಿ ಊದಿಕೊಂಡಿತು, ಅದರ ಜೊತೆ ಮುಚ್ಚಳವೂ.

"ಮುಚ್ಚಳಕ್ಕೆ ಯಾರು ಹೇಳಿದ್ರು?"

"ಮೊದಲೇ ಹೇಳಿಟ್ಟಿದ್ದೀನಲ್ಲ. ಇಲ್ಲಿ ನಾವು ಆಕಾರ ಬರೆಯಲ್ಲ, ಯಾವುದು ಯಾವುದನ್ನ ನೆಚ್ಚಿಕೊಂಡಿರಬೇಕು ಅಂತ ಹೇಳ್ತೀವಿ. ಒಂದು ಅಂಕಿ ಬದಲಾದ್ರೆ ಅದನ್ನ ನೆಚ್ಚಿಕೊಂಡಿದ್ದೆಲ್ಲ ಬದಲಾಗುತ್ತೆ. ನಿಲ್ಲಿಸಬಾರದ ಜಾಗದಲ್ಲಿ ಏನನ್ನಾದ್ರೂ ನಿಲ್ಲಿಸಿದ್ರೆ ಎಲ್ಲ ಬೀಳುತ್ತೆ."

ಪ್ರಿಂಟು ತೆಗೆಯುವ ಡ್ರಾಯಿಂಗ್ ಕೂಡ ಹಾಗೆಯೇ ಎಂದು ಅವಳು ಹೇಳಿದಳು. ಅದು ಕಂಪ್ಯೂಟರಿನಲ್ಲಿ ಕಟ್ಟಿದ ಮಾಡೆಲನ್ನು ನೋಡಿಕೊಂಡು ತಾನೇ ಅಳತೆ ಬರೆದುಕೊಳ್ಳುತ್ತದೆ. ಅಲ್ಲಿನ ಅಂಕಿಯನ್ನು ನಾವು ಕೈಯಿಂದ ತಿದ್ದಬಾರದು.

"ತಿದ್ದಿದ್ರೆ?"

"ಕಾಗದ ಸುಳ್ಳು ಹೇಳುತ್ತೆ."

ಅಷ್ಟರಲ್ಲಿ ಕಂಬಿಗೆ ಒಂದು ಏಟು ಬಿತ್ತು. ನಾದಿನಿಗೆ ತೋರಿಸಿದ್ದು ಆಟದ ಡಬ್ಬಿ; ಆ ಹೊತ್ತಿಗೆ ಸೊಸೆಯ ಕೈಯಲ್ಲಿ ಅರ್ಧಕ್ಕೆ ನಿಂತಿದ್ದದ್ದು ನೀರಿನ ಫಿಲ್ಟರಿನ ಡಬ್ಬಿ, ಆ ವರ್ಷ ಕಾರ್ಖಾನೆಗೆ ಸಿಕ್ಕ ದೊಡ್ಡ ಕೆಲಸ. ಡಬ್ಬಿ ಬಾಗದಿರಲೆಂದು ಒಳಗೆ ತೆಳು ಪಟ್ಟಿಯಂಥ ರಿಬ್ಬುಗಳನ್ನು ಕೊಡಬೇಕಿತ್ತು. ಅವನ್ನು ಡಬ್ಬಿಯ ತಳಕ್ಕೆ ಕಟ್ಟುವುದು ಸರಿಯಾದ ಕ್ರಮ. ಅತ್ತೆ ಮತ್ತೆ ಬಡಿದಾರೆಂಬ ಭಯಕ್ಕೆ ಅವಳು ಅಳತೆ ಬದಲಾದರೆ ನಿಲ್ಲದ, ಕೈಗೆ ಸಿಕ್ಕ ದುಂಡು ಅಂಚಿಗೇ ಕಟ್ಟಿ, ನಾಳೆ ಸರಿಮಾಡಿದರಾಯಿತು ಎಂದು ಮೆಟ್ಟಿಲು ಹತ್ತಿದಳು. ಆ ನಾಳೆ ಬರಲಿಲ್ಲ.

ಬಂದದ್ದು ಫಿಲ್ಟರಿನವರ ಫೋನು. ಡಬ್ಬಿಯ ಬಾಯಿ ಎಂಬತ್ತು ಸಾಲದು, ಎಂಬತ್ನಾಲ್ಕು ಬೇಕು ಎಂದರು. ಅಂದು ಸೊಸೆ ಅತ್ತೆಯ ಕಣ್ಣು ತೋರಿಸಲು ಆಸ್ಪತ್ರೆಯ ಸಾಲಿನಲ್ಲಿದ್ದಳು. ಅವಳು ಬರುವವರೆಗೆ ಕಾಯೋಣ ಎಂದು ಮಾವ ಅಂದದ್ದು ನಿಜ. ಮಗನಿಗೆ ಅದು ಅವಮಾನವಾಗಿ ಕಂಡಿತು. ಅವನೂ ಹಿಂದೊಮ್ಮೆ ಸಂಜೆಯ ಕ್ಲಾಸಿಗೆ ಹೋಗಿ ಅರ್ಧಕ್ಕೆ ಬಿಟ್ಟವನು. ಒಂದು ಅಂಕಿ ಬದಲಾಯಿಸಲು ಹೆಂಡತಿಯ ದಾರಿ ಕಾಯಬೇಕೇ ಎಂದು ಕುರ್ಚಿಯಲ್ಲಿ ಕೂತ.

ಮಾಡೆಲಿನಲ್ಲಿ ಎಂಬತ್ನಾಲ್ಕು ಎಂದು ಕೊಟ್ಟೊಡನೆ ರಿಬ್ಬುಗಳೆಲ್ಲ ಕಳಚಿ ಬಿದ್ದು ಪರದೆಯ ಪಕ್ಕ ಸಾಲಾಗಿ ಕೆಂಪು ಗುರುತು ಎದ್ದವು. ಹೆದರಿದ. ಮೊದಲಿದ್ದ ಹಾಗೆಯೇ ಮಾಡಿಟ್ಟ. ಆಮೇಲೆ ಮಾಡಿದ್ದು ನೋಡಿ: ಡ್ರಾಯಿಂಗ್ ತೆರೆದು, ಅಲ್ಲಿನ ಎಂಬತ್ತನ್ನು ಅಳಿಸಿ, ಎಂಬತ್ನಾಲ್ಕು ಎಂದು ಕೈಯಾರೆ ಬರೆದ. ಈ ಅಂಕಿಗೂ ಮಾಡೆಲಿಗೂ ಇನ್ನು ಸಂಬಂಧ ಇರುವುದಿಲ್ಲ, ಮುಂದುವರಿಯಲೇ ಎಂದು ಯಂತ್ರವೇ ಕೇಳಿತು. ಹೂಂ ಎಂದು ಒತ್ತಿದ. ಪ್ರಿಂಟನ್ನು ಅಪ್ಪನ ಕೈಗಿತ್ತ, ಮಾಡೆಲಿನ ಫೈಲನ್ನು ಉಕ್ಕು ಕೊರೆದುಕೊಡುವ ಹೊರಗಿನ ಮಿಲ್ಲಿಂಗ್ ಅಂಗಡಿಗೆ ಕಳಿಸಿದ. ಮಾವ ಕಾಗದ ನೋಡಿ ಮುಚ್ಚಳದ ಅಚ್ಚನ್ನು ಲೇತಿನಲ್ಲಿ ಎಂಬತ್ನಾಲ್ಕಕ್ಕೆ ಕಡೆದರು. ಮಿಲ್ಲಿಂಗಿನವರು ಕಾಗದ ನೋಡುವುದಿಲ್ಲ, ಫೈಲು ನೋಡುತ್ತಾರೆ. ಅವರು ಡಬ್ಬಿಯ ಅಚ್ಚನ್ನು ಎಂಬತ್ತಕ್ಕೆ ಕೊರೆದರು.

ಸಂಜೆ ಮನೆಗೆ ಬಂದ ಹೆಂಡತಿಗೆ, ಆ ಬದಲಾವಣೆ ಆಗಿದೆ, ನೀನು ತಲೆ ಕೆಡಿಸಿಕೊಳ್ಳಬೇಡ ಎಂದಷ್ಟೇ ಹೇಳಿದ. ಅವಳೂ ನಂಬಿದಳು.

ಎರಡು ವಾರದ ಮೇಲೆ ಸ್ಯಾಂಪಲ್ ಬಂತು. ಫಿಲ್ಟರಿನವರು ಖುದ್ದಾಗಿ ಬಂದಿದ್ದರು. ಮಾವ ಡಬ್ಬಿಯ ಮೇಲೆ ಮುಚ್ಚಳವಿಟ್ಟು ಕೈ ಬಿಟ್ಟರೆ ಅದು ಅಪ್ಪನ ಟೋಪಿ ಮಗುವಿನ ತಲೆಗೆ ಇಳಿದ ಹಾಗೆ ಕುತ್ತಿಗೆಗೆ ಇಳಿಯಿತು. ಯಾರೂ ನಗಲಿಲ್ಲ. ಕೊರೆದ ಉಕ್ಕು ದಂಡ, ಕೂಲಿ ದಂಡ, ಮೇಲೆ ಮಾತು ಬೇರೆ. ಡಿಸೈನ್ ಯಾರು ಮಾಡಿದ್ದು ಎಂದು ಫಿಲ್ಟರಿನವರು ಕೇಳಿದರು. ಮಾವ ಸೊಸೆಯ ಕಡೆ ನೋಡಿದರು. ಮಗ ವರ್ನಿಯರ್ ಕೈಗೆತ್ತಿಕೊಂಡು ಆಗಲೇ ಅಳೆದಾಗಿದ್ದ ಡಬ್ಬಿಯನ್ನು ಮತ್ತೆ ಅಳೆಯತೊಡಗಿದ.

"ಒಂದ್ಸಲ ಫೈಲ್ ತೆಗೆದು ನೋಡ್ತೀನಿ ಮಾವ" ಎಂದಳು ಸೊಸೆ.

"ನೋಡಿದ್ದು ಸಾಕು" ಎಂದರು ಮಾವ. ಪಾರ್ಟಿಯ ಎದುರಿಗೇ ಅಂದರು. ಫಿಲ್ಟರಿನವರು, ತಮ್ಮ ಕೆಲಸ ಇನ್ನು ಈ ಹುಡುಗಿಯ ಕೈಗೆ ಹೋಗಕೂಡದು, ಹಾಗಿದ್ದರೆ ಮಾತ್ರ ಇನ್ನೊಂದು ಅವಕಾಶ ಎಂದರು. ನಾಳೆಯಿಂದ ಕಂಪ್ಯೂಟರ್ ಮಗನೇ ನೋಡಿಕೊಳ್ಳುತ್ತಾನೆ ಎಂದು ಮಾವ ಮಾತು ಕೊಟ್ಟರು. ಕುರ್ಚಿ ಹೋಯಿತು, ಹೀಗೆ, ನಿಂತ ನಿಲುವಿನಲ್ಲಿ.

ಊಟಕ್ಕೆ ಮುಂಚೆ ಅವಳು ಕೋಣೆಯಲ್ಲಿ, ಕಾರ್ಖಾನೆಯ ಫೈಲುಗಳೂ ಇದ್ದ ಲ್ಯಾಪ್‌ಟಾಪ್ ತೆರೆದಳು. ಹುಡುಕುವ ಕಷ್ಟವೇ ಇರಲಿಲ್ಲ. ಕಾಗದದ ಅಂಕಿ ಒಂದು, ಮಾಡೆಲಿನದು ಇನ್ನೊಂದು. ಗಂಡ ಮಂಚದ ಮೇಲೆ ಒಗೆದ ಬಟ್ಟೆ ಮಡಿಸುತ್ತಿದ್ದ. ಎಂದೂ ಮಡಿಸದವನು ಅಂದು ಮಡಿಸುತ್ತಿದ್ದ.

"ನೀವು ತಾನೆ ಬರೆದಿದ್ದು?"

"ನೀನು ಕಟ್ಟಿದ್ದು ಸರಿಯಾಗಿದ್ದಿದ್ರೆ ನಾನ್ಯಾಕೆ ಬರೀತಿದ್ದೆ? ಮುಟ್ಟಿದ್ದೇ ತಡ ಎಲ್ಲ ಕೆಂಪಾಯ್ತು."

"ಕೆಂಪಾಗಿದ್ದು ನನ್ನ ತಪ್ಪು, ಒಪ್ಕೋತೀನಿ. ಒಂದು ಮಾತು ಕೇಳ್ಬಹುದಿತ್ತಲ್ಲ. ಇವತ್ತು ಅಲ್ಲಿ ಬಾಯಿ ಬಿಡ್ಬಹುದಿತ್ತಲ್ಲ."

ಅವನು ಅಂಗಿಯ ತೋಳು ನೀವಿದ. "ನಾನು ಹೊರಗೆ ನಾಲ್ಕು ಜನರ ಹತ್ರ ಹೋಗೋನು, ನನ್ನ ಹೆಸರು ಕೆಟ್ರೆ ಕಾರ್ಖಾನೆ ಕೆಟ್ಟ ಹಾಗೆ. ನೀನು ಮನೆಯಲ್ಲಿರೋಳು. ನಿನಗೇನು ಹೋಗುತ್ತೆ?"

ಅವನು ಕೇಳಿದ್ದು ಜಗಳಕ್ಕಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ. ಅವಳ ಮೈಯೆಲ್ಲ ಉರಿದುಹೋದದ್ದು ಅದಕ್ಕೇ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವಳು ಮಾವನ ಎದುರು ನಿಂತು ನಡೆದದ್ದನ್ನು ಹೇಳಿದಳು. ಮಾವ ಮಗನನ್ನು ಕೇಳಿದರು. ಮಗ, ನೋಡಬೇಕಪ್ಪ, ನನಗೆ ಸರಿಯಾಗಿ ನೆನಪಿಲ್ಲ ಎಂದ. ತನ್ನ ತಪ್ಪನ್ನು ಗಂಡನ ತಲೆಗೆ ಕಟ್ಟುವ ಹೆಣ್ಣನ್ನು ಈ ಮನೆ ಕಂಡಿರಲಿಲ್ಲ ಎಂದರು ಮಾವ. ಅತ್ತೆ ಒಲೆಯ ಕಡೆಗೆ ತಿರುಗಿಕೊಂಡರು. ಕಾಲೇಜಿನ ಚೀಲ ಹೆಗಲಿಗೇರಿಸುತ್ತಿದ್ದ ವಕೀಲಮ್ಮ, ಫೈಲ್ ತೆಗೆದು ನೋಡಿದರೆ ಮುಗಿಯಿತಲ್ಲ, ನೋಡಲು ನಿಮಗೇನು ಭಯ ಎಂದು ಕೇಳಿ ಬೈಸಿಕೊಂಡು ಹೋದಳು.

ಅಂದಿನಿಂದ ಸೊಸೆ ಹೇಳಿದಷ್ಟೇ ಮಾಡತೊಡಗಿದಳು. ತರಕಾರಿ ಹೆಚ್ಚು ಎಂದರೆ ಹೆಚ್ಚಿಟ್ಟಳು, ಒಲೆಗೆ ಹಾಕು ಎಂದು ಯಾರೂ ಹೇಳಿರಲಿಲ್ಲ. ಬಟ್ಟೆ ನೆನೆಸು ಎಂದರೆ ನೆನೆಸಿದಳು, ಅದು ಸಂಜೆಯವರೆಗೆ ನೆನೆಯಿತು. ಮೂರು ಜನ ಊಟಕ್ಕೆ ಕೂತರೆ ಮೂರು ತಟ್ಟೆ ಇಟ್ಟು ನಿಂತಳು. ಬಡಿಸು ಎಂದ ಮೇಲೆ ಬಡಿಸಿದಳು, ಅನ್ನ ಎಂದರೆ ಅನ್ನ ಮಾತ್ರ. ಗಂಡ ಒಂದು ದಿನ ಬರೀ ಅನ್ನ ತಿಂದು ಎದ್ದ. ಇದೇನು ಹುಚ್ಚಾಟ ಎಂದು ಅತ್ತೆ ರೇಗಿದರೆ, ಹೇಳದೆ ಕೆಲಸ ಮಾಡಿದರೆ ಈ ಮನೆಯಲ್ಲಿ ಏನಾಗುತ್ತದೆಂದು ನೋಡಿದೆನಲ್ಲ ಅತ್ತೆ ಎಂದಳು. ಅತ್ತೆಯ ಕಣ್ಣಿಗೆ ಹನಿ ಹಾಕುವುದನ್ನು ಮಾತ್ರ ಹೇಳಿಸಿಕೊಳ್ಳದೆ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದಳು. ಅತ್ತೆಗೆ ಬೈಗುಳಕ್ಕಿಂತ ಅದೇ ಹೆಚ್ಚು ನಾಟಿತು.

ಕೆಳಗೆ ಮಗನ ಆಟ ನಡೆಯಲಿಲ್ಲ. ಡಬ್ಬಿಯ ಅಚ್ಚನ್ನು ಎಂಬತ್ನಾಲ್ಕಕ್ಕೆ ಹೊಸದಾಗಿ ಕೊರೆಸಬೇಕಿತ್ತು, ಅಂಕಿ ಮುಟ್ಟಿದರೆ ರಿಬ್ಬು ಕಳಚುತ್ತಿತ್ತು. ಗೆಳೆಯರನ್ನು ಕರೆಸಿ ಕೂರಿಸಿದ. ಇನ್ನೊಬ್ಬರು ಕಟ್ಟಿದ್ದನ್ನು ಬಿಚ್ಚುವುದಕ್ಕಿಂತ ಹೊಸದಾಗಿ ಕಟ್ಟುವುದೇ ಸುಲಭ, ಅದಕ್ಕೆ ತಿಂಗಳು ಬೇಕು ಎಂದು ಅವರು ಚಹಾ ಕುಡಿದು ಹೋದರು. ಶನಿವಾರದೊಳಗೆ ಫೈಲ್ ಬರದಿದ್ದರೆ ಕೆಲಸ ಬೇರೆ ಕಡೆಗೆ ಎಂದು ಫಿಲ್ಟರಿನವರ ಫೋನು ಬಂತು.

ಆಗ ಮಾವ ಮೆಟ್ಟಿಲು ಹತ್ತಿ ಬಂದರು. ಭಾನುವಾರ ಮಧ್ಯಾಹ್ನ, ಎಲ್ಲರೂ ಮನೆಯಲ್ಲಿದ್ದರು, ಮಗನೊಬ್ಬನನ್ನು ಬಿಟ್ಟು. ಅವರು ಕುರ್ಚಿ ಎಳೆದುಕೊಂಡು, ಅದೇನೋ ಸ್ವಲ್ಪ ನೋಡಿ ಸರಿಮಾಡಿಕೊಡಮ್ಮ ಎಂದರು. ಸೊಸೆ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲೆ ತೆರೆದಳು. ಡ್ರಾಯಿಂಗಿನಲ್ಲಿ ತಿದ್ದಿದ್ದನ್ನು ತೆಗೆದು ಮೊದಲಿನ ಎಂಬತ್ತು ತಂದಿಟ್ಟು, "ನೀವೇ ಎಂಬತ್ನಾಲ್ಕು ಅಂತ ಬರೀರಿ ಮಾವ" ಎಂದಳು.

ಮಾವ ಕನ್ನಡಕ ಏರಿಸಿ ಒಂದೇ ಬೆರಳಿನಲ್ಲಿ ಒತ್ತಿದರು. ಆ ಪ್ರಶ್ನೆ ಎದ್ದು ಬಂತು. ಅವಳು ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದಳು. ಹೂಂ ಎಂದು ಒತ್ತಿಸಿದಳು. ಕಾಗದದ ಮೇಲೆ ಎಂಬತ್ನಾಲ್ಕು ಬಂತು. ಆಮೇಲೆ ಮಾಡೆಲ್ ತೆರೆದು ಬಾಯಿಯನ್ನು ಅಳೆದು ತೋರಿಸಿದಳು. ಎಂಬತ್ತು.

ಇಡೀ ಬದುಕು ಅಳತೆಯಲ್ಲೇ ಕಳೆದವರು, ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಮುಖ ಕಪ್ಪಿಟ್ಟಿತು. ಈ ಪ್ರಶ್ನೆ ಅವನಿಗೂ ಬಂದಿತ್ತೇ ಎಂದು ಕೇಳಿದರು. ಎಲ್ಲರಿಗೂ ಬರುತ್ತದೆ, ಕೇಳದೆ ಅದು ಬಿಡುವುದಿಲ್ಲ ಎಂದಳು ವಕೀಲಮ್ಮ.

ಮಾವ ಕನ್ನಡಕ ತೆಗೆದರು. "ಸರಿ. ಆಗಿದ್ದು ಆಯ್ತು. ಮನೆ ಮಾತು ಮನೆಯಲ್ಲೇ ಇರಲಿ. ನೀನು ಇಲ್ಲೇ ಮೇಲೆ ಕೂತು ಸರಿಮಾಡಿಕೊಡು, ಅವನು ಮಾಡಿದ ಅಂತ ಕಳಿಸೋಣ."

"ಇಲ್ಲ" ಎಂದಳು ಸೊಸೆ.

"ಇಲ್ಲ ಅಂದ್ರೆ?"

"ರಿಬ್ಬು ತಪ್ಪು ಜಾಗಕ್ಕೆ ಕಟ್ಟಿದೋಳು ನಾನು. ಅದನ್ನ ಫಿಲ್ಟರಿನವರಿಗೆ ನಾನೇ ಹೇಳ್ತೀನಿ. ಅಂಕಿ ತಿದ್ದಿದ್ದು ಯಾರು ಅಂತ ನೀವು ಹೇಳ್ಬೇಕು. ನನ್ನನ್ನ ಅವರ ಎದುರಿಗೇ ಎಬ್ಬಿಸಿದ್ರಿ ಮಾವ, ಅವರ ಎದುರಿಗೇ ಕೂರಿಸಿ. ಅಲ್ಲಿವರೆಗೆ ನಾನು ಆ ಫೈಲ್ ಮುಟ್ಟಲ್ಲ."

ಮಾವ ಮೇಜಿಗೆ ಕೈ ಬಡಿದು ಎದ್ದರು. ನಾಳೆ ಕಾರ್ಖಾನೆ ನಡೆಸಬೇಕಾದವನ ಮರ್ಯಾದೆಯನ್ನು ತಾನೇ ಬೀದಿಗೆ ಹಾಕಬೇಕೇ, ಇವಳ ಒಂದು ಕುರ್ಚಿಗೋಸ್ಕರ ಮನೆ ಮುಳುಗಬೇಕೇ, ಇಷ್ಟು ಹಟ ಹೆಣ್ಣಿಗೆ ಒಳ್ಳೆಯದಲ್ಲ ಎಂದು ಕೂಗಾಡಿದರು. ಅತ್ತೆ ಅಲ್ಲಿಯವರೆಗೆ ಪಾತ್ರೆ ಒರೆಸುತ್ತ ನಿಂತಿದ್ದವರು ಒರೆಸುವ ಬಟ್ಟೆಯನ್ನು ಕೆಳಗಿಟ್ಟರು.

"ನಾನೂ ಕೆಳಗೆ ಕೆಲಸ ಮಾಡ್ತಿದ್ದೆ" ಎಂದರು.

ವಕೀಲಮ್ಮ ಹುಟ್ಟಿದಾಗಿನಿಂದ ಈ ಮಾತು ಕೇಳಿರಲಿಲ್ಲ. ಯಾವಾಗ ಎಂದಳು.

"ನಿಮ್ಮಣ್ಣ ಹುಟ್ಟೋಕೆ ಮುಂಚೆ. ಡ್ರಿಲ್ಲಿಂಗ್ ಮಷಿನ್ ನನ್ನದೇ. ಒಂದು ದಿನ ಪಾರ್ಟಿ ಬಂದಾಗ ದೊಡ್ಡ ಡ್ರಿಲ್ ಮುರಿದು ಕೆಲಸ ಕೆಟ್ಟಿತ್ತು. ಹೆಂಗಸಿನ ಕೈ, ಹೀಗಾಗುತ್ತೆ ಅಂದ್ರು ನಿಮ್ಮಪ್ಪ. ಅವತ್ತು ಮೇಲೆ ಬಂದೋಳು ನಾನು, ಮತ್ತೆ ಇಳೀಲಿಲ್ಲ." ಅವರು ಗಂಡನ ಕಡೆ ತಿರುಗಿದರು. "ಅದು ಯಾರ ಕೈಯಲ್ಲಿ ಮುರೀತು ಅಂತ ಇವತ್ತಾದ್ರೂ ಹೇಳ್ತೀರಾ?"

ಮಾವ ಮೆಟ್ಟಿಲಿಳಿದು ಹೋಗಿ ಲೇತ್ ಚಾಲೂ ಮಾಡಿದರು. ಭಾನುವಾರ ಆ ಲೇತ್ ತಿರುಗಿದ್ದು ಅದೇ ಮೊದಲು. ಮೇಲಿನ ಮೂವರೂ ಅದರ ಸದ್ದು ಕೇಳುತ್ತ ಕೂತರು. ಅತ್ತೆ ಸೊಸೆಯನ್ನು ಸಮಾಧಾನ ಮಾಡಲಿಲ್ಲ. ಇಷ್ಟು ವರ್ಷ ಕಂಬಿಗೆ ಬಡಿದೂ ಬಡಿದೂ ನಿನ್ನನ್ನು ಮೇಲೆ ಎಳೆದವಳು ನಾನೇ ಎಂದಷ್ಟೇ ಅಂದು, ಮತ್ತೆ ಪಾತ್ರೆಗೆ ಕೈ ಹಾಕಿದರು.

ಮರುದಿನ ಬೆಳಿಗ್ಗೆ ಮಾವ ಸೊಸೆಯನ್ನು ಕೆಳಗೆ ಕರೆಸಿ, ಫೋನನ್ನು ಲೇತಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಫಿಲ್ಟರಿನವರಿಗೆ ಕರೆ ಮಾಡಿದರು. ಮಗ ಬಾಗಿಲಲ್ಲಿ ನಿಂತಿದ್ದ. ಮುಖ ಸಿಂಡರಿಸಿಕೊಂಡು, ಕಹಿ ಮದ್ದು ನುಂಗುವವರ ಹಾಗೆ, ಮಾವ ಹೇಳಿದರು: "ಆ ಎಂಬತ್ನಾಲ್ಕು ನನ್ನ ಮಗ ಕೈಯಿಂದ ತಿದ್ದಿದ್ದು. ಸೊಸೆ ಊರಲ್ಲೇ ಇದ್ದಳು, ನಾವು ಕೇಳಲಿಲ್ಲ. ನಾನೂ ಫೈಲ್ ನೋಡದೆ ಅವಳ ಮೇಲೆ ಹಾಕಿದೆ." ರಿಬ್ಬಿನದು ತನ್ನ ತಪ್ಪು ಎಂದು ಸೊಸೆ ಸೇರಿಸಿದಳು. ಫಿಲ್ಟರಿನವರಿಗೆ ಅವರ ಮನೆಯ ನ್ಯಾಯ ಬೇಕಿರಲಿಲ್ಲ. ಹಾಗಿದ್ದರೆ ಬಲ್ಲವರನ್ನೇ ಕೂರಿಸಿ, ಶನಿವಾರಕ್ಕೆ ಫೈಲ್ ಬರಲಿ ಎಂದು ಫೋನಿಟ್ಟರು.

ಸೊಸೆ ಕುರ್ಚಿಯಲ್ಲಿ ಕೂತಳು. ರಿಬ್ಬುಗಳನ್ನು ಬಿಚ್ಚಿ ತಳಕ್ಕೆ ಕಟ್ಟಿದಳು. ಅಂಕಿ ಬದಲಾಯಿಸಿದಳು. ಡಬ್ಬಿ ಹಿಗ್ಗಿತು, ಮುಚ್ಚಳ ಹಿಗ್ಗಿತು, ಕಾಗದ ತಾನಾಗಿ ಎಂಬತ್ನಾಲ್ಕು ಬರೆದುಕೊಂಡಿತು. ಅಷ್ಟು ದಿನವೂ ಕಂಬಿಗೆ ಒಂಟಿ ಏಟು ಬೀಳಲಿಲ್ಲ.

ಶನಿವಾರ ಫೈಲ್ ಹೋಯಿತು. ರಾತ್ರಿಯ ಅಡುಗೆಯ ಹೊತ್ತಿಗೆ ಒಂದೇ ಒಂದು ಏಟು ಬಿತ್ತು. ಸೊಸೆ ಅಭ್ಯಾಸದಿಂದ ಎದ್ದಳು. ಮೇಲಿನಿಂದ ಅತ್ತೆ, ನಿನಗಲ್ಲ ಎಂದು ಕೂಗಿ ಮಗನನ್ನು ಹೆಸರು ಹಿಡಿದು ಕರೆದರು. ತಟ್ಟೆ ಇಟ್ಟವನು ಅವನು, ನೀರಿಟ್ಟವನು ಅವನು. ಇಟ್ಟ ರೀತಿಯಲ್ಲಿಯೇ ಅವನಿಗೆಷ್ಟು ಅಸಮಾಧಾನವಿತ್ತೆಂದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಊಟಕ್ಕೆ ಕೂತರು. ಹೆಂಡತಿ ಎಲ್ಲರ ಜೊತೆ ಮಾತಾಡಿದಳು, ಅವನೊಬ್ಬನನ್ನು ಬಿಟ್ಟು.

"ಅಪ್ಪ ಹೇಳಿ ಆಯ್ತಲ್ಲ" ಎಂದ ಅವನು ಕೊನೆಗೆ. "ಕುರ್ಚಿನೂ ಸಿಕ್ತು. ಇನ್ನೂ ಏನು ಮುಖ ಊದಿಸ್ಕೊಂಡಿರೋದು?"

"ಹೇಳಿದ್ದು ಮಾವ. ನೀವು ಇನ್ನೂ ಹೇಳಿಲ್ಲ."

ಅವನು ಅಪ್ಪನ ಕಡೆ ನೋಡಿದ. ಅಪ್ಪ ಊಟ ಮಾಡುತ್ತಿದ್ದರು. ಅಮ್ಮನ ಕಡೆ ನೋಡಿದ. ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ವಾಪಸ್ಸು ಬಿಟ್ಟು, ಹೇಳೋ ಎಂದರು. ಅವನು ಅನ್ನ ಕಲಸಿದ, ಮತ್ತೆ ಕಲಸಿದ.

"ನಾನೇ ತಿದ್ದಿದ್ದು" ಎಂದ, ತಲೆ ತಗ್ಗಿಸಿ. "ಗೊತ್ತಿದ್ದೂ ಸುಮ್ಮನಿದ್ದೆ."

"ತಟ್ಟೆಗೆ ಹೇಳ್ಬೇಡಿ" ಎಂದಳು ಅವಳು. "ನನಗೆ ಹೇಳಿ."